ಪೇಂಟ್‌ಬಾಲ್ ಮಾರ್ಕರ್‌ಗೆ ಹೊಸ ಬ್ಯಾರೆಲ್: ನಿಜಕ್ಕೂ ಏನು ಬದಲಾಗುತ್ತದೆ?

ಮಾರ್ಕರ್ ಅಂದರೆ ಬಣ್ಣ ತುಂಬಿದ ಗುಂಡನ್ನು ಒತ್ತಡದ ಗಾಳಿಯಿಂದ ಹಾರಿಸುವ ಪೇಂಟ್‌ಬಾಲ್ ಆಟದ ಬಂದೂಕು, ಬ್ಯಾರೆಲ್ ಅದರ ಕೊಳವೆ. ಉದ್ದ ಬ್ಯಾರೆಲ್ ಹಾಕಿದರೆ ಗುಂಡು ಜಾಸ್ತಿ ದೂರ ಹೋಗುತ್ತದೆ ಅಂತ ನಾನು ಇಷ್ಟು ದಿನ ನಂಬಿದ್ದೆ. ಹೋಗುವುದಿಲ್ಲ. ಯಾಕೆ ಅನ್ನುವುದು ತಲೆಗೆ ಹತ್ತಲು ಎರಡು ದಿನ ಹಿಡಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಮಾರ್ಕರ್‌ನ ಒಳಗೆ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತಿರುತ್ತದೆ, ಅದಕ್ಕೇ ನೇರ ಬ್ಯಾರೆಲ್‌ಗೆ ಬರುತ್ತೇನೆ.

ನಾನು ಎಡವಿದ ಜಾಗ

ಮಾರ್ಕರ್ ಜೊತೆ ಬಂದ 8 ಇಂಚಿನ ಬ್ಯಾರೆಲ್ ಬಿಚ್ಚಿ 14 ಇಂಚಿನದ್ದು ಹಾಕಿದೆ. ಗುಂಡು ಮೊದಲಿಗಿಂತ ದೂರ ಬಿತ್ತು. ಕಣ್ಣಾರೆ ನೋಡಿದ್ದೆ. ಆಮೇಲೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ನೋಡಿದರೆ ಮಿತಿ ದಾಟಿತ್ತು. ಆಟದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ ಮೀರುವಂತಿಲ್ಲ. ಎಷ್ಟೋ ಕಡೆ 280ಕ್ಕೇ ನಿಲ್ಲಿಸುತ್ತಾರೆ. ನನ್ನದನ್ನೂ 280ಕ್ಕೆ ಇಳಿಸಿದೆ. ದೂರ ಮತ್ತೆ ಹಳೆಯದೇ ಆಯಿತು.

ಇಲ್ಲಿ ಒಂದು ನಿಮಿಷ ನಿಲ್ಲಿ. ಗುಂಡು ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ಹೊರಬೀಳುವಾಗಿನ ವೇಗ, ಕೋನ, ಗುಂಡಿನ ತೂಕ ಮತ್ತು ಗಾತ್ರ, ಗಾಳಿಯ ತಡೆ ಇಷ್ಟೇ ತೀರ್ಮಾನಿಸುತ್ತವೆ. ಗುಂಡು ಅದೇ 0.68 ಇಂಚಿನದು, ತೂಕ ಅದೇ ಸುಮಾರು 3 ಗ್ರಾಂ. ವೇಗವನ್ನು ನಾವೇ 280ಕ್ಕೆ ಕಟ್ಟಿಹಾಕಿದ್ದೇವೆ. ಇನ್ನು ಬ್ಯಾರೆಲ್‌ಗೆ ಬದಲಿಸಲು ಉಳಿದಿರುವುದೇನು? ದೂರದ ಲೆಕ್ಕದಲ್ಲಿ ಏನೂ ಇಲ್ಲ (ಒಂದು ಅಪವಾದ ಇದೆ, ಅದು ಕೊನೆಗೆ). ನಾನು ಬ್ಯಾರೆಲ್‌ನ ಗುಣ ಅಂದುಕೊಂಡಿದ್ದು ಬರೀ ಹೆಚ್ಚಿದ ವೇಗ.

ಹಾಗಾದರೆ ಉದ್ದ ಮಾಡುವ ಕೆಲಸವೇನು? ಅಂಕಿ ಹಾಕಿ ನೋಡಿದಾಗ ನನಗೆ ಅರ್ಥವಾಯಿತು. 3 ಗ್ರಾಂ ಗುಂಡು ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 12.5 ಜೂಲ್. ಇದು 8 ಇಂಚಿನಲ್ಲೇ ಸಿಗಬೇಕಾದರೆ ಗುಂಡಿನ ಹಿಂದೆ ಸರಾಸರಿ 38 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡ ಬೇಕು. 14 ಇಂಚು ಪೂರ್ತಿ ತಳ್ಳುವಂತಿದ್ದರೆ ಸುಮಾರು 22 ಸಾಕು. ಉಜ್ಜಾಟವನ್ನು ಇಲ್ಲಿ ಬಿಟ್ಟಿದ್ದೇನೆ. ಆದರೆ ಗುಂಡು ಮುಂದೆ ಹೋದಂತೆ ಅದರ ಹಿಂದಿನ ಜಾಗ ದೊಡ್ಡದಾಗುತ್ತದೆ, ಒತ್ತಡ ಬೀಳುತ್ತದೆ. ಆಟಗಾರರ ಸಾಮಾನ್ಯ ಲೆಕ್ಕದಲ್ಲಿ ತಳ್ಳುವ ಕೆಲಸ ಬಹುಪಾಲು ಮೊದಲ 8 ಇಂಚಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಅದರ ಆಚೆ ಸಿಗುವ ನೂಕು ಕಡಿಮೆ, ಉಜ್ಜಾಟ ಮಾತ್ರ ಉಳಿಯುತ್ತದೆ. ಅಷ್ಟಾದರೂ 14 ಇಂಚಿನದ್ದನ್ನೇ ಜನ ಇಷ್ಟಪಡುತ್ತಾರೆ. ಗುರಿ ಹಿಡಿಯಲು ಚೆನ್ನಾಗಿರುತ್ತದೆ, ಬಂಕರ್‌ನ, ಅಂದರೆ ಮೈದಾನದಲ್ಲಿ ಮರೆಯಾಗಿ ನಿಲ್ಲುವ ಅಡ್ಡದ, ಅಂಚಿನಿಂದ ಹೊರಗೆ ಚಾಚಲು ಅನುಕೂಲ, ಸದ್ದು ತಗ್ಗಿಸುವ ತೂತುಗಳಿಗೂ ಜಾಗ ಸಿಗುತ್ತದೆ.

ಬೋರ್: ದುಡ್ಡು ಹಾಕುವುದಾದರೆ ಇಲ್ಲಿ

ಬೋರ್ ಅಂದರೆ ಬ್ಯಾರೆಲ್‌ನ ಒಳಗಿನ ಅಡ್ಡಳತೆ. ಹೆಸರಿಗೆ ಎಲ್ಲ ಗುಂಡೂ 0.68, ಆದರೆ ಹೊರಗಿನ ಸಿಪ್ಪೆ ಜೆಲಾಟಿನ್. ತೇವ ಹೀರಿದರೆ ಉಬ್ಬುತ್ತದೆ. ಹಾಗಾಗಿ ಒಂದು ದಿನ 0.685 ಇಂಚು ಅಳತೆ ಕೊಟ್ಟ ಪೇಂಟ್ (ಗುಂಡುಗಳನ್ನು ಹೀಗೂ ಕರೆಯುತ್ತಾರೆ) ಇನ್ನೊಂದು ದಿನ ಬೇರೆ ಅಳತೆ ಕೊಡಬಹುದು.

0.685ರ ಗುಂಡನ್ನು 0.689ರ ಬ್ಯಾರೆಲ್‌ಗೆ ಹಾಕಿ. ವ್ಯತ್ಯಾಸ 0.1 ಮಿಲಿಮೀಟರ್, ಕೂದಲಿನಷ್ಟು. ಇದೇನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಆ ಸಂದು ಗುಂಡಿನ ಸುತ್ತಲೂ ಇದೆ. ಸುತ್ತಳತೆ ಸುಮಾರು 55 ಮಿ.ಮೀ., ಸಂದಿನ ಅಗಲ 0.05 ಮಿ.ಮೀ. ಗುಣಿಸಿದರೆ 2.7 ಚದರ ಮಿ.ಮೀ. ಬ್ಯಾರೆಲ್‌ನಲ್ಲಿ 2 ಮಿ.ಮೀ.ಗೆ ಹತ್ತಿರದ ಒಂದು ತೂತು ಕೊರೆದಷ್ಟು ಸೋರಿಕೆ! ಅದೂ ಪ್ರತಿ ಗುಂಡಿಗೂ ಬೇರೆ ಬೇರೆ, ಯಾಕೆಂದರೆ ಎರಡು ಗುಂಡು ಒಂದೇ ಗಾತ್ರ ಇರುವುದಿಲ್ಲ. ಸೋರಿಕೆ ಬದಲಾದರೆ ವೇಗ ಬದಲಾಗುತ್ತದೆ. 30 ಮೀಟರ್ ದೂರಕ್ಕೆ ಸೆಕೆಂಡಿಗೆ 280 ಅಡಿಯ ಗುಂಡಿಗಿಂತ 265 ಅಡಿಯ ಗುಂಡು, ಗಾಳಿಯ ತಡೆ ಬಿಟ್ಟರೂ, 7 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ತಡೆ ಸೇರಿದರೆ ಇನ್ನೂ ಜಾಸ್ತಿ.

ಅಳತೆ ನೋಡುವ ನನ್ನ ಮೆಚ್ಚಿನ ದಾರಿ ಊದಿ ನೋಡುವುದು. ಮೊದಲು ಬ್ಯಾರೆಲ್ ಅನ್ನು ಮಾರ್ಕರ್‌ನಿಂದ ಪೂರ್ತಿ ಬಿಚ್ಚಿ, ಇದರಲ್ಲಿ ರಾಜಿ ಬೇಡ. ಹಿಂದಿನ ತುದಿಯಿಂದ ಗುಂಡು ಹಾಕಿ. ತಾನಾಗಿ ಉರುಳಿ ಮುಂದಿನಿಂದ ಬಿದ್ದರೆ ಬೋರ್ ದೊಡ್ಡದು. ಅಲ್ಲೇ ನಿಂತು, ಮೆಲ್ಲಗೆ ಊದಿದರೆ ಹೋದರೆ ಸರಿಯಾಗಿ ಹೊಂದಿದೆ. ಜೋರಾಗಿ ಊದಿದರೂ ಜಗ್ಗದಿದ್ದರೆ ಬೋರ್ ಚಿಕ್ಕದು. ಚಿಕ್ಕದನ್ನೇ ಬೇಕೆಂದು ಆರಿಸುವವರೂ ಇದ್ದಾರೆ. ಗಾಳಿ ಉಳಿಯುತ್ತದೆ, ಗುಂಡು ಮುಂದಕ್ಕೆ ಜಾರುವುದಿಲ್ಲ. ಆದರೆ ಒಣಗಿ ಗಡಸಾದ ಪೇಂಟ್ ಒಳಗೇ ಒಡೆಯಬಹುದು. ಒಂದೇ ಗುಂಡಿನಲ್ಲಿ ತೀರ್ಮಾನಿಸಬೇಡಿ, ಐದಾರು ಹಾಕಿ ನೋಡಿ. ಇನ್ಸರ್ಟ್ ಬದಲಿಸುವ ಕಿಟ್‌ಗಳು ಇರುವುದೇ ಇದಕ್ಕೆ: ಬ್ಯಾರೆಲ್ ಒಂದೇ, ಒಳಗಿನ ಕೊಳವೆ ಆ ದಿನದ ಪೇಂಟ್‌ಗೆ ತಕ್ಕದ್ದು.

ಉಳಿದವು

ಮುಂದಿನ ತೂತುಗಳು, ಅಂದರೆ ಪೋರ್ಟಿಂಗ್, ಗಾಳಿಯನ್ನು ಮೆಲ್ಲಗೆ ಬಿಟ್ಟು ಸದ್ದು ತಗ್ಗಿಸುತ್ತವೆ. ತೂತು ಶುರುವಾದ ಕಡೆ ತಳ್ಳುವಿಕೆ ಮುಗಿದ ಹಾಗೇ.

ದೂರದ ವಿಷಯದಲ್ಲಿ ನಿಜವಾದ ಅಪವಾದ ಹಿಮ್ಮುಖ ತಿರುಗು. ಟಿಪ್ಮನ್ ಕಂಪನಿಯ ಫ್ಲ್ಯಾಟ್‌ಲೈನ್ ಬ್ಯಾರೆಲ್ ಸ್ವಲ್ಪ ಬಾಗಿದೆ. ಗುಂಡು ಅದರೊಳಗೆ ಹಿಂದಕ್ಕೆ ತಿರುಗುತ್ತಾ ಬರುತ್ತದೆ. ಹಾಗೆ ತಿರುಗುವ ಗುಂಡನ್ನು ಗಾಳಿಯೇ ಮೇಲಕ್ಕೆತ್ತುತ್ತದೆ, ಇದೇ ಮ್ಯಾಗ್ನಸ್ ಪರಿಣಾಮ. ಅದೇ ವೇಗದಲ್ಲಿ ದೂರ ಹೆಚ್ಚುತ್ತದೆ. ಗಮನಿಸಿ, ಇಲ್ಲೂ ದೂರ ಹೆಚ್ಚಿಸಿದ್ದು ಉದ್ದವಲ್ಲ.

ಕೊಳ್ಳುವ ಮುಂಚೆ ನಿಮ್ಮ ಮಾರ್ಕರ್‌ನ ಥ್ರೆಡ್, ಅಂದರೆ ಬ್ಯಾರೆಲ್ ತಿರುಗಿಸಿ ಕೂರಿಸುವ ಮರೆ, ಯಾವುದು ಅಂತ ನೋಡಿಕೊಳ್ಳಿ. ಆಟೋಕಾಕರ್ ಥ್ರೆಡ್ ತುಂಬಾ ಕಡೆ ಸಿಗುತ್ತದೆ, ಆದರೆ ಟಿಪ್ಮನ್ 98 ಮಾರ್ಕರ್‌ನದ್ದು ಬೇರೆ, ಸ್ಪೈಡರ್ ಮಾರ್ಕರ್‌ನದ್ದು ಬೇರೆ. ಹೊಸದು ಹಾಕಿದ ಮೇಲೆ ಮತ್ತೆ ಕ್ರೋನೋಗ್ರಾಫ್‌ಗೆ ಹೋಗಿ, ಪೇಂಟ್‌ಬಾಲ್‌ನ ರಕ್ಷಣಾ ಕನ್ನಡಕ ಹಾಕಿಕೊಂಡೇ. ಒಳಗೆ ಒಂದು ಗುಂಡು ಒಡೆದರೂ ಸ್ಕ್ವೀಜಿ (ಬ್ಯಾರೆಲ್ ಒಳಗೆ ಒರೆಸುವ ಸಾಧನ) ಎಳೆದು ಒರೆಸಿ, ಆಮೇಲೆ ಅಳೆಯಿರಿ. ಪೇಂಟ್ ಮೆತ್ತಿದ ಬ್ಯಾರೆಲ್ ಎಷ್ಟೇ ಒಳ್ಳೆಯದಿದ್ದರೂ ಗುಂಡು ಅಡ್ಡಾದಿಡ್ಡಿ ಹೋಗುತ್ತದೆ.