ಅಪ್ಪ ‘ಚೆನ್ನಾಗೇ ಇದ್ದೀನಿ’ ಅಂದರೆ ನಂಬಬೇಕಾ?

ಪ್ರಶ್ನೆ: ಅಪ್ಪನಿಗೆ 78. ಬಿಪಿ, ಶುಗರ್, ಮಂಡಿ ನೋವು ಎಲ್ಲವೂ ಇದೆ. ಯಾರೇ ಕೇಳಿದರೂ ‘ನನಗೇನಾಗಿದೆ, ಚೆನ್ನಾಗೇ ಇದ್ದೀನಿ’ ಅನ್ನುತ್ತಾರೆ. ಸುಮ್ನೆ ನಮ್ಮ ಸಮಾಧಾನಕ್ಕೆ ಹೇಳೋದಾ?

ಅಷ್ಟು ಬೇಗ ತಳ್ಳಿಹಾಕಬೇಡಿ. ಕೆನಡಾದ ಮ್ಯಾನಿಟೋಬಾದಲ್ಲಿ 65 ದಾಟಿದ ಮೂರು ಸಾವಿರಕ್ಕೂ ಜಾಸ್ತಿ ಜನರನ್ನು ಕೇಳಿದ್ದರು: ನಿಮ್ಮ ವಯಸ್ಸಿಗೆ ಹೋಲಿಸಿದರೆ ನಿಮ್ಮ ಆರೋಗ್ಯ ಹೇಗಿದೆ? ಆಮೇಲೆ ಏಳು ವರ್ಷ ಯಾರು ಉಳಿದರು, ಯಾರು ಹೋದರು ಎಂದು ನೋಡಿದರು. 1982ರಲ್ಲಿ ಫಲಿತಾಂಶ ಬಂತು. ‘ಚೆನ್ನಾಗಿಲ್ಲ’ ಅಂದವರು ಬೇಗ ತೀರಿಕೊಳ್ಳುವ ಸಂಭವ ‘ತುಂಬಾ ಚೆನ್ನಾಗಿದೆ’ ಅಂದವರಿಗಿಂತ ಸುಮಾರು ಮೂರು ಪಟ್ಟು. ವೈದ್ಯಕೀಯ ದಾಖಲೆಗಳಿಗೂ ಇಷ್ಟು ಸರಿಯಾಗಿ ಹೇಳಲು ಆಗಿರಲಿಲ್ಲ. 1997ರಲ್ಲಿ ಇಂಥ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಹೆಚ್ಚುಕಮ್ಮಿ ಇದೇ ಕಂಡಿತು.

ಲ್ಯಾಬ್ ರಿಪೋರ್ಟಿನಲ್ಲಿ ಶುಗರ್ ಎಷ್ಟು ಅಂತ ಇರುತ್ತದೆ. ಬೆಳಿಗ್ಗೆ ಏಳುವಾಗ ಮೈ ಎಷ್ಟು ಭಾರ ಅನ್ನೋದು ಇರುವುದಿಲ್ಲ. ಅದು ಅವರಿಗೇ ಗೊತ್ತು.

ಅಳತೆಗೋಲೂ ಬದಲಾಗಿರುತ್ತದೆ. ನಲವತ್ತರಲ್ಲಿ ಆರೋಗ್ಯ ಅಂದರೆ ಕಾಯಿಲೆ ಇಲ್ಲದಿರುವುದು. ಎಂಬತ್ತರ ಹತ್ತಿರ ಬಂದಾಗ, ಯಾರನ್ನೂ ಕರೆಯದೆ ಸ್ನಾನ ಮುಗಿಸಿ, ಅಂಗಿಯ ಗುಂಡಿ ತಾವೇ ಹಾಕಿಕೊಂಡು ಹೊರಗೆ ಬಂದು ಕೂತರೆ ಅದೇ ಆರೋಗ್ಯ. ಜೊತೆಯವರಲ್ಲಿ ಎಷ್ಟೋ ಜನ ಇಲ್ಲವೇ ಇಲ್ಲ. ಆ ಲೆಕ್ಕದಲ್ಲಿ ನಿಮ್ಮ ಅಪ್ಪ ಹೇಳುವುದು ಸುಳ್ಳಲ್ಲ, ಅಲ್ವಾ?

ನನಗೆ ಅನುಮಾನ ಇರುವುದು ಇನ್ನೊಂದು ಮಾತಿನ ಮೇಲೆ: ‘ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ’. ಮೆಟ್ಟಿಲ ಮಧ್ಯೆ ನಿಂತು, ಮೊಬೈಲ್ ನೋಡುವ ನೆಪದಲ್ಲಿ ಉಸಿರು ಸುಧಾರಿಸಿಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಇಳಿವಯಸ್ಸಿನಲ್ಲಿ ಎದೆನೋವೇ ಇಲ್ಲದೆ, ಬರೀ ಸುಸ್ತು, ಉಬ್ಬಸದ ರೂಪದಲ್ಲಿ ಹೃದಯಾಘಾತ ಆಗಬಹುದು. ಸೋಂಕಿದ್ದರೂ ಜ್ವರ ಬರದೇ ಇರಬಹುದು. ಅದನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿದರೆ ಚಿಕಿತ್ಸೆ ತಡವಾಗುತ್ತದೆ. (ಮನೆಯವರೂ ಹೀಗೇ ಕಟ್ಟುತ್ತೇವೆ, ಅದು ಬೇರೆ ಮಾತು.)

ಹಾಗಾಗಿ ‘ಹೇಗಿದ್ದೀರಾ’ ಅಂತ ಮಾತ್ರ ಕೇಳಬೇಡಿ. ‘ಹೋದ ತಿಂಗಳು ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ?’ ಅಂತ ಕೇಳಿ. ‘ಚೆನ್ನಾಗೇ ಇದ್ದೀನಿ’ ಅನ್ನುತ್ತಿದ್ದವರು ಒಂದು ದಿನ ‘ಏನೋ, ಹೀಗಿದ್ದೀನಿ’ ಅನ್ನಲು ಶುರುಮಾಡಿದರೆ, ರಿಪೋರ್ಟ್ ಎಲ್ಲ ಸರಿಯಿದ್ದರೂ ಡಾಕ್ಟರಿಗೆ ಹೇಳಿ. ಅದು ಮೈಯದ್ದಲ್ಲದೆ ಮನಸ್ಸಿನ ಕುಗ್ಗುವಿಕೆಯೂ ಆಗಿರಬಹುದು. ಅದಕ್ಕೂ ಚಿಕಿತ್ಸೆ ಇದೆ.