ಟ್ರಾವೆಲ್ ಟ್ರೇಲರ್ ಸೋರದಂತೆ ನೋಡಿಕೊಳ್ಳುವುದು: ಹಾಳೆಯಲ್ಲ, ತೂತುಗಳನ್ನು ನೋಡಿ

ಗಾಡಿಯ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಈ ಪುಟ್ಟ ಮನೆಗಳು ಅಮೆರಿಕದಲ್ಲಿ ಹೆಚ್ಚಾಗಿ ತಯಾರಾಗುವುದು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ. ಅಲ್ಲಿಂದ ಕೊಂಡವರ ಊರಿಗೆ ಬರುವಷ್ಟರಲ್ಲೇ ಕೆಲವು ಸಾವಿರ ಕಿಲೋಮೀಟರ್ ಕುಲುಕಾಡಿರಬಹುದು. ಹಾಗಾಗಿ 'ಹೊಸದು ತಾನೇ, ಸೋರಲ್ಲ' ಅನ್ನುವ ಮಾತನ್ನು ಮೊದಲೇ ಪಕ್ಕಕ್ಕಿಡೋಣ.

ಚಾವಣಿಗೆ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್ ಅಥವಾ ಟಿಪಿಒ ಎಂಬ ಪ್ಲಾಸ್ಟಿಕ್‌ನಂಥ ಹಾಳೆ ಹೊದಿಸಿರುತ್ತಾರೆ. ಹಾಳೆ ಹರಿಯದಿದ್ದರೆ ಅದರಿಂದ ನೀರು ಇಳಿಯುವುದಿಲ್ಲ. ನೀರು ಬರುವುದು ಅದರಲ್ಲಿ ಕೊರೆದ ತೂತುಗಳಿಂದ: ಫ್ಯಾನಿನ ಕಿಂಡಿ, ಸ್ಕೈಲೈಟ್, ಆಂಟೆನಾ, ಎಸಿ. ಪ್ರತಿ ಅಂಚಿನ ಕೆಳಗೆ ಬ್ಯೂಟೈಲ್ ಟೇಪ್ ಎಂಬ ಮೆತ್ತನೆಯ ಅಂಟುಪಟ್ಟಿ, ಅಂಚು ಮತ್ತು ಸ್ಕ್ರೂ ತಲೆಗಳ ಮೇಲೆ ಲ್ಯಾಪ್ ಸೀಲಂಟ್ ಎಂಬ ನೀರು ತಡೆಯುವ ಅಂಟು ಇರುತ್ತದೆ. ಬಿಸಿಲು, ಚಳಿ, ಅಲುಗಾಟಕ್ಕೆ ಈ ಸೀಲಂಟ್ ಕೂದಲೆಳೆಯಷ್ಟು ಬಿರಿದರೂ ಸಾಕು. ಎಸಿಯ ಕಥೆ ಬೇರೆ. 14 ಇಂಚು ಚೌಕದ ತೂತಿನ ಮೇಲೆ ಫೋಮ್ ಗ್ಯಾಸ್ಕೆಟ್ ಇಟ್ಟು, ಒಳಗಿನಿಂದ ಬೋಲ್ಟ್ ಬಿಗಿದಿರುತ್ತಾರೆ. ಬೋಲ್ಟ್ ಸಡಿಲವಾದರೆ ನೀರು ನೇರ ಒಳಗೆ.

ಮೂರು ತಿಂಗಳಿಗೊಮ್ಮೆ ಏಣಿ ಹತ್ತಿ ನೋಡಿ. ಸೀಲಂಟ್ ನೋಡಿಕೊಳ್ಳುವುದು ಮಾಲೀಕರ ಕೆಲಸ ಅಂತ ಕೈಪಿಡಿಗಳಲ್ಲೇ ಬರೆದಿರುತ್ತದೆ, ಆದ್ದರಿಂದ ವಾರಂಟಿ ನಂಬಿ ಸುಮ್ನೆ ಕೂರುವಂತಿಲ್ಲ. ಬಿರುಕು ಕಂಡರೆ ಒರೆಸಿ, ಒಣಗಿಸಿ, ಆ ಹಾಳೆಗೆ ಹೊಂದುವ ಸೀಲಂಟನ್ನೇ ಹಾಕಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತೆ ಅಂತ ಸಿಲಿಕೋನ್ ಬಳಿಯಬೇಡಿ. ಮುಂದೆ ಅದರ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ, ಕೆರೆದು ತೆಗೆಯುವುದೂ ದೊಡ್ಡ ತಲೆನೋವು.

ಹೊಸಬರು ಮಾಡುವ ಇನ್ನೊಂದು ತಪ್ಪು ಕಿಟಕಿಯದು. ಚೌಕಟ್ಟಿನ ಕೆಳಗೆ ಪುಟ್ಟ ಸೀಳುಗಳಿರುತ್ತವೆ, ಅಲ್ವಾ? ಅವು ಒಳಗೆ ಸೇರಿದ ಮಳೆನೀರು ಹೊರಗೆ ಹೋಗುವ ದಾರಿ. ಅತಿ ಜಾಗ್ರತೆಯಿಂದ ಅದನ್ನೂ ಮುಚ್ಚಿಬಿಟ್ಟರೆ ನೀರು ಗೋಡೆಗೇ ಇಳಿಯುತ್ತದೆ.

ಕಲೆ ಕಂಡ ಜಾಗವೇ ತೂತಿನ ಜಾಗ ಅಂದುಕೊಳ್ಳಬೇಡಿ. ನೀರು ಚೌಕಟ್ಟಿನ ಗುಂಟ ಹರಿದು ಎಲ್ಲೋ ದೂರದ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ತೂತು ಹುಡುಕಲು ಚೆನ್ನಾಗಿ ಕೆಲಸ ಮಾಡುವ ಉಪಾಯವೊಂದಿದೆ. ಫ್ಯಾನಿನಿಂದ ಒಳಗೆ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಸಿಂಪಡಿಸುತ್ತಾರೆ. ಗುಳ್ಳೆ ಎದ್ದಲ್ಲಿ ತೂತು! ಕೆಲವು ರಿಪೇರಿ ಅಂಗಡಿಗಳು ಇದನ್ನು ಮಾಡಿಕೊಡುತ್ತವೆ.

ಇಷ್ಟೂ ಮಳೆಯ ಮಾತಾಯಿತು. ಒಳಗಿನ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ನೀರಿನ ಪೈಪುಗಳ ಜೋಡಣೆಯೂ ದಾರಿಯಲ್ಲಿ ಸಡಿಲವಾಗುತ್ತದೆ. ಹೊರಗಿನ ನಲ್ಲಿಗೆ ಜೋಡಿಸುವಾಗ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಿ. ನಲ್ಲಿಗಳೆಲ್ಲ ಮುಚ್ಚಿದ್ದರೂ ರಾತ್ರಿ ಪಂಪು ಆಗಾಗ ಗುರ್ ಅಂದರೆ ಎಲ್ಲೋ ಸೋರುತ್ತಿರಬಹುದು, ಎದ್ದು ಸಿಂಕಿನ ಕೆಳಗೆ ಟಾರ್ಚ್ ಬಿಡಿ.