ಮಗುವಿನ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಕಡೆ ಕಾಣುವುದೇಕೆ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐದನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹೀಗಾಗಿ ಎಂಟು ವರ್ಷದ ಮಗಳಿಗೆಂದು ಕೊಂಡ ಅಂಥದೇ ಪ್ರೊಸೆಸರ್ ಇರುವ ಹಳೆಯ ಡೆಲ್ ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಆರಿಸಿದೆ. ಇದು 4 ಜಿಬಿ ರ‍್ಯಾಮ್‌ನಲ್ಲಿ ಸರಾಗವಾಗಿ ನಡೆಯುತ್ತದೆ ಮತ್ತು ಇದಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ದೊರೆಯುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಯಂತ್ರದ ವೇಗ ಹೆಚ್ಚಿಸುವುದರಲ್ಲಿ ಅದಕ್ಕೆ ಸಮನಾದ ಖರ್ಚು ಬೇರೊಂದಿಲ್ಲ.

ಮಿಂಟ್‌ನ ಐಎಸ್‌ಒ ಕಡತವನ್ನು (ಇನ್‌ಸ್ಟಾಲ್ ಮಾಡಲು ಬೇಕಾದುದೆಲ್ಲ ಇರುವ ಒಂದೇ ಕಡತ) ರೂಫಸ್ ಅಥವಾ ಎಚರ್ ಎಂಬ ಪ್ರೋಗ್ರಾಮ್ ಬಳಸಿ ಪೆನ್‌ಡ್ರೈವ್‌ಗೆ ಬರೆಯುವುದು ಸುಲಭ. ನನಗೆ ಹೆಚ್ಚು ಹೊತ್ತು ಹಿಡಿದದ್ದು ಅದರ ಮುಂದಿನ ಹಂತ, ಆದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಯಂತ್ರ ಆನ್ ಮಾಡಿದ ಕೂಡಲೇ ಎಫ್12 ಒತ್ತಿದರೆ, ಯಾವುದರಿಂದ ಆರಂಭವಾಗಬೇಕೆಂದು ಕೇಳುವ ಬೂಟ್ ಮೆನು ಬರುತ್ತದೆ. ಅದರಲ್ಲಿ 'ಲೆಗಸಿ ಬೂಟ್' ಮತ್ತು 'ಯುಇಎಫ್‌ಐ ಬೂಟ್' ಎಂಬ ಎರಡು ಶೀರ್ಷಿಕೆಗಳಿದ್ದು, ಒಂದೇ ಪೆನ್‌ಡ್ರೈವ್ ಎರಡರ ಕೆಳಗೂ ಕಾಣುತ್ತದೆ. ಎರಡರಲ್ಲಿ ಯಾವುದನ್ನು ಒತ್ತಿದರೂ ಮಿಂಟ್ ತೆರೆದುಕೊಳ್ಳುವುದರಿಂದ ವ್ಯತ್ಯಾಸವೇನೂ ಇಲ್ಲವೆಂದು ತೋರುತ್ತದೆ, ಆದರೆ ವ್ಯತ್ಯಾಸ ಬಹಳ ಇದೆ. ಲೆಗಸಿ ಎಂಬ ಹಳೆಯ ವಿಧಾನದಲ್ಲಿ ಫರ್ಮ್‌ವೇರ್ (ಯಂತ್ರದೊಳಗೇ ಇದ್ದು ಅದನ್ನು ಆರಂಭಿಸುವ ಪ್ರೋಗ್ರಾಮ್) ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಓದಿ ಅಲ್ಲಿರುವ ಸಣ್ಣ ಪ್ರೋಗ್ರಾಮನ್ನು ಓಡಿಸುತ್ತದೆ. ಯುಇಎಫ್‌ಐ ವಿಧಾನದಲ್ಲಾದರೋ ಅದು ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್‌ನೊಳಗೆ (ಡಿಸ್ಕಿನ ಒಂದು ಭಾಗ) ಹೊಕ್ಕು, ಆಪರೇಟಿಂಗ್ ಸಿಸ್ಟಮನ್ನು ತೆರೆಯುವ ಬೂಟ್‌ಲೋಡರ್ ಕಡತವನ್ನು ಹೆಸರಿನಿಂದ ಹುಡುಕುತ್ತದೆ. ಪೆನ್‌ಡ್ರೈವ್ ಯಾವ ವಿಧಾನದಲ್ಲಿ ತೆರೆದಿದೆಯೋ ಆ ವಿಧಾನಕ್ಕೆ ತಕ್ಕ ಬೂಟ್‌ಲೋಡರನ್ನು ಇನ್‌ಸ್ಟಾಲರ್ ಹಾಕುತ್ತದೆ. ಎಫ್12 ಮೆನುವಿನ ಆಯ್ಕೆ ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದೇ ಇಲ್ಲಿನ ತೊಡಕು. ಲೆಗಸಿಯಲ್ಲಿ ಇನ್‌ಸ್ಟಾಲ್ ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಿದಾಗ, ಫರ್ಮ್‌ವೇರ್‌ನ ಸೆಟಪ್‌ನಲ್ಲಿ ಯುಇಎಫ್‌ಐ ಎಂದಿದ್ದರೆ, ಕಡತಗಳೆಲ್ಲ ಡಿಸ್ಕಿನಲ್ಲಿ ಸರಿಯಾಗಿದ್ದರೂ ಬೂಟ್ ಮಾಡಲು ಏನೂ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ.

ಆದ್ದರಿಂದ ಯುಇಎಫ್‌ಐ ಶೀರ್ಷಿಕೆಯ ಕೆಳಗಿನ ಹೆಸರನ್ನೇ ಆರಿಸಿ. ಮಿಂಟ್ ತೆರೆದ ಮೇಲೆ, ಇನ್‌ಸ್ಟಾಲ್ ಒತ್ತುವ ಮೊದಲು, ಫೈಲ್ ಮ್ಯಾನೇಜರ್‌ನಲ್ಲಿ ರೂಟ್‌ನ (ಎಲ್ಲ ಫೋಲ್ಡರ್‌ಗಳನ್ನೂ ಒಳಗೊಂಡ ಮೂಲ ಫೋಲ್ಡರ್) 'ಸಿಸ್' (sys) ಫೋಲ್ಡರ್, ಅದರೊಳಗಿನ 'ಫರ್ಮ್‌ವೇರ್' ಫೋಲ್ಡರ್ ತೆರೆದು ನೋಡಿ. ಅಲ್ಲಿ 'ಇಎಫ್‌ಐ' ಫೋಲ್ಡರ್ ಇದ್ದರೆ ನೀವು ಸರಿಯಾದ ವಿಧಾನದಲ್ಲಿದ್ದೀರಿ, ಇಲ್ಲದಿದ್ದರೆ ಲೆಗಸಿಯಲ್ಲಿದ್ದೀರಿ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವೈಫೈ, ಧ್ವನಿ, ಕ್ಯಾಮೆರಾಗಳನ್ನೂ ಆಗಲೇ ನೋಡಿಕೊಳ್ಳಿ. ಬಳಿಕ ಇಡೀ ಡಿಸ್ಕ್ ಅಳಿಸುವ ಆಯ್ಕೆ ಕೊಟ್ಟರೆ ಪಾರ್ಟಿಷನ್‌ಗಳನ್ನು ಇನ್‌ಸ್ಟಾಲರ್ ತಾನೇ ಮಾಡಿಕೊಳ್ಳುತ್ತದೆ. ಹಳೆಯ ಕಡತಗಳು ಬೇಕಿದ್ದರೆ ಮೊದಲೇ ಬೇರೆಡೆ ನಕಲಿಸಿಡಿ.

ಮಗುವಿಗೆ ಪ್ರತ್ಯೇಕವಾಗಿ 'ಸ್ಟ್ಯಾಂಡರ್ಡ್' ಖಾತೆ ತೆರೆದು, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ನೀವೇ ಇಟ್ಟುಕೊಳ್ಳಿ. ಕಲಿಕೆಯ ಆಟಗಳಿರುವ ಜಿಕಾಂಪ್ರಿ ಮತ್ತು ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಉಚಿತವಾಗಿ ಸಿಗುತ್ತವೆ. ಕನ್ನಡ ಟೈಪಿಂಗ್‌ಗೆ ಐಬಸ್-ಎಂ17ಎನ್ ಎಂಬ ಪ್ರೋಗ್ರಾಮನ್ನು ಹಾಕಿ, ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ವಿನ್ಯಾಸವನ್ನು ಆರಿಸಿ. ಅದರಲ್ಲಿ ಕೆ ಕೀಲಿ 'ಕ' ಕೊಡುತ್ತದೆ, ಎಫ್ ಕೀಲಿ ಒತ್ತಕ್ಷರ ಜೋಡಿಸುತ್ತದೆ; ಎ, ಕೆ, ಎಫ್, ಕೆ ಎಂದು ಸಾಲಾಗಿ ಒತ್ತಿದರೆ 'ಅಕ್ಕ' ಮೂಡುತ್ತದೆ.